ಫಾಲೋ ಮಾಡಿದರೆ ಮಾತ್ರ ಮುಂದಿನ ಅಧ್ಯಾಯ: ಇದು ಸರಿಯೇನ್ರಿ?

ಗಂಗಾವತಿ ಬರಹ: ಕೊಪ್ಪಳ ಕಡೆಯ ನಮ್ಮ ಬರಹಗಾರರ ಬಳಗದಾಗ ಹೊಸ ರೂಢಿ ಬಂದದ. ಧಾರಾವಾಹಿಯ ಮೂರು ಅಧ್ಯಾಯ ಎಲ್ಲರಿಗೂ, ನಾಲ್ಕನೆಯದು ಫಾಲೋ ಮಾಡಿದವರಿಗಷ್ಟೇ. "ನಾನು ಮಾಡೀನಿ, ನೀವೂ ಮಾಡ್ರಿ" ಅನ್ನೋ ಒತ್ತಾಯ ಬೇರೆ. ನಿಯಮ ಹೆಂಗ ಹಾಕಬೇಕು?

ರಾಯಚೂರು ಓದುಗ: ಎರಡೂ ಬೇರೆ ಬೇರೆ ಸಂಗತಿ. ತಮ್ಮ ಬರಹಕ್ಕೆ ಬೀಗ ಹಾಕೋದು ಲೇಖಕರ ಹಕ್ಕು, ಆದರೆ ಷರತ್ತು ಮೊದಲ ಅಧ್ಯಾಯದ ಮೇಲೇ ಬರೆದಿರಬೇಕು. ಇಲ್ಲಾಂದ್ರ ಓದುಗ ಫಾಲೋ ಒತ್ತಿ, ಓದಿ, ಮರುದಿನ ತೆಗೀತಾನ. ಇನ್ನು ಫಾಲೋಗೆ ಫಾಲೋ ಅಂದ್ರ ಮದುವೆ ಮುಯ್ಯಿ ಇದ್ದಂಗ: ಲೆಕ್ಕ ತೀರ್ತದ, ಓದು ಹೆಚ್ಚಂಗಿಲ್ಲ. ಯೂಟ್ಯೂಬ್ ಇಂಥ ಸಬ್-ಫಾರ್-ಸಬ್ (ನೀವು ಸಬ್‌ಸ್ಕ್ರೈಬ್ ಮಾಡಿದ್ರ ನಾನೂ ಮಾಡ್ತೀನಿ ಅನ್ನೋ ಅದಲುಬದಲು) ಅನ್ನು ನಿಯಮದಾಗೇ ನಿಷೇಧಿಸ್ಯದ.

ಬಳ್ಳಾರಿ ಕರಡು: ಫಾಲೋ ಬದಲು ಓದನ್ನೇ ವಿನಿಮಯ ಮಾಡ್ರಿ. 1,500 ಪದಕ್ಕೆ 1,500 ಪದ, ಗಡುವು 7 ದಿನ, ಸಾಲು ಎತ್ತಿ ತೋರಿಸಿ ಕನಿಷ್ಠ 3 ಟಿಪ್ಪಣಿ. "ಸೂಪರ್ ಸರ್" ಲೆಕ್ಕಕ್ಕಿಲ್ಲ. ಇಬ್ಬರೇ ಅದಲುಬದಲು ಮಾಡಿದರೆ ಹೊಗಳಿಕೆಗೆ ಹೊಗಳಿಕೆ ಆಗ್ತದ. ಅದಕ್ಕ ಸರದಿ ಸುತ್ತಿಸ್ರಿ: ಒಬ್ಬರದನ್ನು ಎರಡನೆಯವರು, ಅವರದನ್ನು ಮೂರನೆಯವರು. ಗೂಗಲ್ ಡಾಕ್ಸ್‌ನಾಗ ಹೆಸರು ಸೇರಿಸಿ 'ಕಾಮೆಂಟರ್' ಅಧಿಕಾರ ಕೊಡ್ರಿ, 'ಎಡಿಟರ್' ಬ್ಯಾಡ. ಹಂಚಿಕೆ ಸೆಟ್ಟಿಂಗ್‌ನಾಗ ಡೌನ್‌ಲೋಡ್, ಪ್ರಿಂಟ್, ಕಾಪಿ ಬಂದ್ ಮಾಡ್ರಿ. ಸ್ಕ್ರೀನ್‌ಶಾಟ್ ಮಾತ್ರ ತಡಿಯಾಕಾಗಂಗಿಲ್ಲ.

ಸಿಂಧನೂರು: ಇನ್ನೊಂದು. ಬರೀ ಓದಲಿಕ್ಕೆ ಬಂದವರನ್ನು ಈ ವಿನಿಮಯಕ್ಕ ಎಳೀಬ್ಯಾಡ್ರಿ. ಸ್ಪರ್ಧೆ ನಡೆಸಿದರೂ ಫಾಲೋ ಷರತ್ತು ಬ್ಯಾಡ, ಕಥೆ ಬಿಟ್ಟು ಬಂಧುಬಳಗ ಗೆಲ್ತದ.