ಗೋರ್ಸ್ ಲೆಕ್ಟಿನ್ ಮೂರನೇ ಸಲವೂ ಕೈಕೊಟ್ಟಿತು, ರಕ್ತನಾಳ ಒಂದೂ ಹೊಳೆಯುತ್ತಿಲ್ಲ

ನಿದ್ದೆಗೆಟ್ಟವ:
ತಲೆ ಕೆಟ್ಟು ಹೋಗಿದೆ. ಮೂರು ವಾರದಿಂದ ಇದೇ ಕೆಲಸ. ಗೋರ್ಸ್ ಅನ್ನುವ ಮುಳ್ಳುಗಿಡದ ಬೀಜದ ಲೆಕ್ಟಿನ್ (ಸಕ್ಕರೆ ಹಿಡಿಯುವ ಪ್ರೋಟೀನ್), ಅದೇ ಯುಇಎ-1, ಹಸಿರು ಹೊಳೆಯುವ ಬಣ್ಣ ಎಫ್‌ಐಟಿಸಿ ಅಂಟಿಸಿದ್ದು. ರಕ್ತನಾಳಗಳ ಒಳಪದರ ಹಸಿರಾಗಿ ಹೊಳೆಯಬೇಕು. ಒಂದೇ ಒಂದು ಹೊಳೆಯುತ್ತಿಲ್ಲ.

ಎರಡು ತಿಂಗಳ ಹಿಂದೆ ಇದೇ ಸೀಸೆಯಿಂದ ಚರ್ಮದ ಸೆಕ್ಷನ್ (ತೆಳು ಸೀಳು) ಮಾಡಿದ್ದೆ. ಚಿತ್ರ ಎಷ್ಟು ಚೆಂದ ಬಂದಿತ್ತು ಅಂದರೆ ಗೋಡೆಗೆ ಅಂಟಿಸುವ ಹಾಗಿತ್ತು. ಈಗ ಸಣ್ಣ ಕರುಳು. ಸೀಸೆ ಅದೇ, ವಿಧಾನ ಅದೇ, ಕೈಯೂ ಅದೇ. ಪ್ಯಾರಾಫಿನ್ ಸೆಕ್ಷನ್, 5 ಮೈಕ್ರಾನ್. ಇಡಿಟಿಎ ಬಫರಿನಲ್ಲಿ ಕುದಿಸಿ, ಲೆಕ್ಟಿನ್ ಬೇಡದ ಕಡೆ ಅಂಟದಂತೆ ಬ್ಲಾಕ್ ಮಾಡಿ, ಮಿಲಿಗೆ 10 ಮೈಕ್ರೋಗ್ರಾಂ ಲೆಕ್ಟಿನ್, ಒಂದು ಗಂಟೆ. ತೊಳೆದು ನೋಡಿದರೆ ಬರೀ ಕತ್ತಲೆ. ವಿಲ್ಲೈ (ಕರುಳಿನ ಒಳಗೋಡೆಯ ಬೆರಳಂಥ ಚಾಚುಗಳು) ಉದ್ದಕ್ಕೂ ಅಲ್ಲಲ್ಲಿ ಹಸಿರು ಚುಕ್ಕೆ ಬಿದ್ದಿದೆ, ಅದು ಕಸ, ಬಿಡಿ.

ಲೆಕ್ಟಿನ್ ಸತ್ತಿದೆಯಾ? ಹೊಸದು ತರಿಸಬೇಕಾ? ಬೇಗ ಹೇಳಿ.

ಬಫರ್‌ಭಟ್ಟ:
ಓದುತ್ತಾ ಓದುತ್ತಾ ಇಡಿಟಿಎ ಹತ್ತಿರ ನಿಂತೆ. ಮುಂದೆ ಓದುವ ಅಗತ್ಯವೇ ಬರಲಿಲ್ಲ. ಗೋರ್ಸ್ ಲೆಕ್ಟಿನ್ ದ್ವಿದಳ ಧಾನ್ಯದ ಲೆಕ್ಟಿನ್‌ಗಳ ವಂಶದ್ದು. ಅದರ ಒಳಗೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಕೂತಿರುತ್ತವೆ. ಸಕ್ಕರೆ ಹಿಡಿಯುವ ಜಾಗ ನೆಟ್ಟಗೆ ನಿಲ್ಲುವುದೇ ಆ ಲೋಹಗಳಿಂದ. ಇಡಿಟಿಎ ಮಾಡುವ ಕೆಲಸ ಏನು? ಲೋಹ ಕಿತ್ತುಕೊಳ್ಳುವುದು. ಸಿಟ್ರೇಟ್ ಬಫರಿಗೆ ಬನ್ನಿ, 1 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ. ಮುಗಿಯಿತು.

ಸ್ಲೈಡ್‌ಸುಬ್ಬಿ:
ಭಟ್ಟರೇ, ಇಡಿಟಿಎ ಇದ್ದದ್ದು ಕುದಿಸುವಾಗ. ಲೆಕ್ಟಿನ್ ಬಂದದ್ದು ಆಮೇಲೆ. ನಡುವೆ ಮೂರು ಸಲ ತೊಳೆದಿರುತ್ತಾರೆ ಅಲ್ವಾ? ಇಬ್ಬರೂ ಒಂದೇ ಕೋಣೆಯಲ್ಲಿ ಭೇಟಿಯಾಗಲೇ ಇಲ್ಲ.

ನಾನು ಕೇಳುವುದು ಬ್ಲಾಕ್ ಮಾಡಿದ್ದು ಯಾವುದರಲ್ಲಿ ಅಂತ. ಆಂಟಿಬಾಡಿ ಅಭ್ಯಾಸದಲ್ಲಿ ಸೀರಮ್ ಸುರಿದಿದ್ದರೆ, ಸೀರಮ್ ತುಂಬಾ ಸಕ್ಕರೆ ಅಂಟಿದ ಪ್ರೋಟೀನ್‌ಗಳೇ. ಲೆಕ್ಟಿನ್ ಹಿಡಿಯುವುದೇ ಸಕ್ಕರೆಯನ್ನು. ಅಲ್ಲಿಗೇ ಅಂಟಿಕೊಂಡು ಕೂರಬಹುದು. ಸುಮ್ನೆ 1% ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್) ಸಾಕು.

ನಿದ್ದೆಗೆಟ್ಟವ:
ಬಿಎಸ್‌ಎ ಹಾಕಿದ್ದೇನೆ. ಅಷ್ಟು ಗೊತ್ತಿದೆ.

ಭಟ್ಟರ ಮಾತು ಕೇಳಿ ಸಿಟ್ರೇಟ್‌ನಲ್ಲಿ ಮಾಡಿದೆ. ತೊಳೆಯುವ ಫಾಸ್ಫೇಟ್ ಬಫರು ಪಿಬಿಎಸ್‌ಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದೆ. ಬಾಟಲಿ ಬೆಳ್ಳಗೆ ಮಬ್ಬಾಯಿತು. ಈಗ ಸ್ಲೈಡ್ ತುಂಬಾ ಹರಳು. ಮೊದಲು ಏನೂ ಕಾಣುತ್ತಿರಲಿಲ್ಲ, ಈಗ ಕಾಣಬಾರದ್ದು ಕಾಣುತ್ತಿದೆ. ಥ್ಯಾಂಕ್ಸ್.

ಬಫರ್‌ಭಟ್ಟ:
ಪಿಬಿಎಸ್‌ಗೆ ಯಾರ್ರೀ ಹಾಕೋಕೆ ಹೇಳಿದ್ದು? ಫಾಸ್ಫೇಟ್ ಜತೆ ಕ್ಯಾಲ್ಸಿಯಂ ಸೇರಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತದೆ. ಟ್ರಿಸ್ ಅಥವಾ ಹೆಪೆಸ್ ಬಫರ್ ಬೇಕು. ಇದನ್ನೂ ಬಿಡಿಸಿ ಹೇಳಬೇಕಾ?

ಸ್ಲೈಡ್‌ಸುಬ್ಬಿ:
ಹೇಳಬೇಕಿತ್ತು. ನೀವು ಬರೆದದ್ದು "ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ" ಅಂತ ಮಾತ್ರ. ಯಾವುದಕ್ಕೆ ಅಂತ ಬರೆದಿಲ್ಲ.

ಹಳೇದೀಪ:
ಬಫರ್ ಜಗಳ ಆಮೇಲೆ ಆಡಿ. ನೋಡುತ್ತಿರುವ ಮೈಕ್ರೋಸ್ಕೋಪು ಯಾವುದು? ಮರ್ಕ್ಯುರಿ ದೀಪವಾದರೆ ಅದರ ಆಯುಸ್ಸು ಸಾಮಾನ್ಯವಾಗಿ 200ರಿಂದ 300 ಗಂಟೆ. ಆಮೇಲೆ ಮಂಕಾಗುತ್ತದೆ. ನಾನು ನನ್ನ ಹಳೇ ಯಂತ್ರದಿಂದ ದೀಪ ಕಿತ್ತು, ಕೈಯಾರೆ ಎಲ್‌ಇಡಿ ಕೂರಿಸಿದ್ದೇನೆ. ಹೀಟ್ ಸಿಂಕ್ ಹಾಳಾದ ಕಂಪ್ಯೂಟರಿನದು. ಆರು ವರ್ಷ ಆಯಿತು, ಬೆಳಕು ಒಂದಿಷ್ಟೂ ಇಳಿದಿಲ್ಲ. ದೊಡ್ಡ ದೊಡ್ಡ ಕಾನ್‌ಫೋಕಲ್ ಇಟ್ಟುಕೊಂಡವರೂ ಬಂದು ನೋಡಿ ಹೋಗಿದ್ದಾರೆ.

ನಿದ್ದೆಗೆಟ್ಟವ:
ದೀಪ ಸರಿಯಿದೆ. ಅದೇ ದೀಪದಲ್ಲಿ ಕೆಂಪುಕಣಗಳ ಸ್ವಂತ ಹೊಳಪೂ ಕಾಣುತ್ತಿದೆ. ಅಂದರೆ ರಕ್ತನಾಳ ಎಲ್ಲಿದೆ ಅಂತ ಗೊತ್ತಾಗುತ್ತದೆ, ಅದರ ಗೋಡೆ ಮಾತ್ರ ಕಪ್ಪು!

ಗಂಟುಪರೀಕ್ಷೆ:
ಟಿಶ್ಯೂ ಕೊಟ್ಟವರ ರಕ್ತದ ಗುಂಪು ಯಾವುದು? ಗೋರ್ಸ್ ಲೆಕ್ಟಿನ್ ಅಂದರೆ ಆಂಟಿ-ಎಚ್, ಕೆಂಪುಕಣದ ಮೇಲಿನ ಎಚ್ ಅನ್ನುವ ಸಕ್ಕರೆ ಗುರುತನ್ನು ಹಿಡಿಯುವುದು. ಎಚ್ ಅಂಶ ಒ ಗುಂಪಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಎ1, ಎ1ಬಿ (ಎ, ಎಬಿ ಗುಂಪುಗಳ ಒಳಬಗೆ) ಕಣಗಳಲ್ಲಿ ತೀರಾ ಕಡಿಮೆ. 1952ರಲ್ಲಿ ವರದಿಯಾದ ಬಾಂಬೆ ಗುಂಪಿನವರ ಕೆಂಪುಕಣದಲ್ಲಿ ಎಚ್ ಇಲ್ಲವೇ ಇಲ್ಲ. ಅವರ ಕಣಗಳನ್ನು ಪತ್ತೆ ಹಚ್ಚುವುದಕ್ಕೆ ಇವತ್ತಿಗೂ ಇದೇ ಬೀಜದ ರಸ ಬಳಸುತ್ತಾರೆ. ಒ ಅಂತ ಬಂದ ಕಣ ಗೋರ್ಸ್ ರಸಕ್ಕೆ ಗಂಟು ಕಟ್ಟದಿದ್ದರೆ ಕಿವಿ ನೆಟ್ಟಗಾಗಬೇಕು.

ಸ್ಲೈಡ್‌ಸುಬ್ಬಿ:
ಕೆಂಪುಕಣಕ್ಕೆ ಸರಿ. ರಕ್ತನಾಳದ ಒಳಪದರಕ್ಕೆ ಆ ಲೆಕ್ಕ ನಡೆಯುವುದಿಲ್ಲ. 1982ರಲ್ಲೇ ನೋಡಿದ್ದಾರೆ. ಗುಂಪು ಯಾವುದಾದರೂ ಮನುಷ್ಯರ ಒಳಪದರ ಈ ಲೆಕ್ಟಿನ್ನಿಗೆ ಹೊಳೆಯುತ್ತದೆ. ಅದಕ್ಕೇ ಅಲ್ವಾ ಅದು ಗುರುತು ಅಂತ ಹೆಸರಾದದ್ದು.

ನಿದ್ದೆಗೆಟ್ಟವ:
ಗುಂಪೆಲ್ಲ ಯಾರು ನೋಡಿರುತ್ತಾರೆ? ಇದಕ್ಕೂ ಅದಕ್ಕೂ ಏನು ಸಂಬಂಧ?

ಕಳೆಗಿಡ:
ಸೀಸೆಯಲ್ಲಿ ಬಂದ ಪುಡಿ ನಂಬಿ ಕೂತರೆ ಹೀಗೇ. ನಾನು ಬೀಜ ನಾನೇ ಆರಿಸಿ, ಪುಡಿ ಮಾಡಿ, ಸಲೈನಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ ರಸ ತೆಗೆಯುತ್ತೇನೆ. ಒ ಗುಂಪಿನ ಕಣಕ್ಕೆ ಒಂದು ಹನಿ ಬಿಟ್ಟರೆ ಕಣ್ಣೆದುರೇ ಗಂಟು. ಮುಳ್ಳು ಚುಚ್ಚಿ ಕೈ ಕೈಯಾಗಿ ಉಳಿದಿಲ್ಲ, ಅದು ಬೇರೆ ಮಾತು.

ಬೀಜಕ್ಕೆ ಬರವೂ ಇಲ್ಲ. ಪಶ್ಚಿಮ ಯುರೋಪಿನ ಗಿಡ, ಬೇಲಿಗೆ ಅಂತ ಒಯ್ದ ನ್ಯೂಜಿಲೆಂಡಿನಲ್ಲಿ ಗುಡ್ಡಗಳನ್ನೇ ನುಂಗಿದೆ. ಬಿಸಿಲಿಗೆ ಕಾಯಿ ಪಟ್ ಅಂತ ಸಿಡಿದು ಬೀಜ ಹಾರುತ್ತದೆ. ಮಣ್ಣಲ್ಲಿ ದಶಕಗಟ್ಟಲೆ ಜೀವ ಹಿಡಿದುಕೊಂಡು ಮಲಗಿರುತ್ತದೆ. ಬೆಂಕಿ ಹಚ್ಚಿದರೆ ಸುಟ್ಟ ಬುಡದಿಂದ ಚಿಗುರು, ಕೆಳಗಿನ ಬೀಜಕ್ಕೂ ಎಚ್ಚರ. 1931ರಲ್ಲಿ ಬೀಜ ತಿನ್ನುವ ಒಂದು ಮೂತಿಹುಳವನ್ನು ಅಲ್ಲಿ ಬಿಟ್ಟರು. ಅದು ವಸಂತದ ಬೀಜ ತಿನ್ನುತ್ತದೆ. ಗಿಡ ಶರತ್ಕಾಲದಲ್ಲೂ ಹೂ ಬಿಟ್ಟು ಕಾಯಿ ಕಟ್ಟಿ ತಪ್ಪಿಸಿಕೊಳ್ಳುತ್ತದೆ. ನೀಲಗಿರಿಯ ಮೇಲಿನ ಹುಲ್ಲುಗಾವಲಿಗೂ ಹೊಕ್ಕಿದೆ.

ಗಂಟುಪರೀಕ್ಷೆ:
ಮನೆರಸ ಕೆಂಪುಕಣಕ್ಕೆ ಓಕೆ, ಸ್ಲೈಡಿಗೆ ಬೇಡ. ಅದರಲ್ಲಿ ಯುಇಎ-1 ಜತೆ ಯುಇಎ-2 ಕೂಡ ಇರುತ್ತದೆ. ಎರಡನೆಯದು ಹಿಡಿಯುವುದು ಕೈಟೋಬಯೋಸ್ ತರದ ಸಕ್ಕರೆಯನ್ನು, ಯುಇಎ-1 ಹಿಡಿಯುವ ಫ್ಯೂಕೋಸ್ ಸಕ್ಕರೆಯನ್ನಲ್ಲ. ಎಲ್ಲಿ ಏನು ಹೊಳೆಯಿತು ಅಂತ ದೇವರಿಗೇ ಗೊತ್ತು.

ಕಳೆಗಿಡ:
ಸೋಸಿ ತೆಗೆದದ್ದು ಅಂದೆನಲ್ಲ.

ಗಂಟುಪರೀಕ್ಷೆ:
ಬಟ್ಟೆಯಲ್ಲಿ ಸೋಸಿದರೆ ಲೆಕ್ಟಿನ್ ಬೇರೆ ಬೇರೆ ಆಗಲ್ಲ ಸ್ವಾಮಿ. ಫ್ಯೂಕೋಸ್ ಕಟ್ಟಿದ ಕಾಲಮ್ಮಿನಲ್ಲಿ ಹಾಯಿಸಬೇಕು.

ಬಫರ್‌ಭಟ್ಟ:
ಟ್ರಿಸ್ ಬಫರಿನಲ್ಲಿ ಮಾಡಿ ನೋಡಿದ್ರಾ? ಅದಕ್ಕೆ ಉತ್ತರವೇ ಬಂದಿಲ್ಲ.

ನಿದ್ದೆಗೆಟ್ಟವ:
ಮಾಡಿದೆ. ಐದನೇ ಸಲ. ಹರಳಿಲ್ಲ, ರಕ್ತನಾಳವೂ ಇಲ್ಲ. ಆ ಹಸಿರು ಕಸ ಮಾತ್ರ ಇನ್ನೂ ಜೋರಾಗಿ ಹೊಳೆಯುತ್ತಿದೆ.

ಸ್ಲೈಡ್‌ಸುಬ್ಬಿ:
ಒಂದು ನಿಮಿಷ. ಲೆಕ್ಟಿನ್ ಸತ್ತಿದ್ದರೆ ಕಸ ಯಾಕೆ ಜೋರಾಗಬೇಕು? ಆ ಕಸದ ಚಿತ್ರ ಹಾಕಿ.

ನಿದ್ದೆಗೆಟ್ಟವ:
ಹಾಕಿದ್ದೇನೆ. 40ರ ಲೆನ್ಸು. ನಡುವಿನ ಕಪ್ಪು ಗೆರೆ ರಕ್ತನಾಳ. ಅದನ್ನು ನೋಡಿ, ಚುಕ್ಕೆಯನ್ನಲ್ಲ.

ಸ್ಲೈಡ್‌ಸುಬ್ಬಿ:
ಚುಕ್ಕೆಯನ್ನೇ ನೋಡಿದೆ. ವಿಲ್ಲೈ ಮೇಲಿರುವುದು ಬಟ್ಟಲಿನ ಆಕಾರ, ಬಾಯಿ ಒಳಗಡೆಗೆ ತೆರೆದಿದೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶ ಅದು. ಕೆಳಗೆ ಕ್ರಿಪ್ಟಿನ (ವಿಲ್ಲೈ ಬುಡದ ಗುಂಡಿ) ತಳದಲ್ಲಿ ಕಾಳು ಕಾಳಾಗಿ ಹೊಳೆಯುತ್ತಿರುವುದು ಪನೆತ್ ಕೋಶ. ಇಷ್ಟು ಅಚ್ಚುಕಟ್ಟಾದ ಕಸ ನಾನು ನೋಡಿಲ್ಲ.

ಇದು ಮನುಷ್ಯರ ಕರುಳಾ?

ನಿದ್ದೆಗೆಟ್ಟವ:
ಅಲ್ಲ, ಇಲಿ. ಮೌಸ್. ಹೇಳಿದ್ದೆ ಅಲ್ವಾ?

ಸ್ಲೈಡ್‌ಸುಬ್ಬಿ:
ಎಲ್ಲಿ ಹೇಳಿದ್ರಿ?

ನಿದ್ದೆಗೆಟ್ಟವ:
ನಮ್ಮ ಲ್ಯಾಬಿನಲ್ಲಿ ಎಲ್ಲರೂ ಇಲಿಯ ಮೇಲೇ ಕೆಲಸ ಮಾಡುವುದು. ಚರ್ಮ ಒಂದು ಬೇರೆ ಕಡೆಯಿಂದ ಬಂದದ್ದು, ಅದು ಮನುಷ್ಯರದ್ದು.

ಹಳೇದೀಪ:
ಬೆಟ್ಟ ಅಗೆದು ಇಲಿ ಹಿಡಿದೆವು. ಈ ಗಾದೆಯನ್ನು ಅಕ್ಷರಶಃ ಬಳಸುವ ಅವಕಾಶ ಜೀವಮಾನಕ್ಕೆ ಒಂದೇ ಸಲ ಸಿಗುವುದು.

ಸ್ಲೈಡ್‌ಸುಬ್ಬಿ:
ನಗಬೇಡಿ, ನಾನೂ ಮೊದಲೇ ಕೇಳಲಿಲ್ಲ. ರಕ್ತದ ಗುಂಪಿನ ಮಾತು ಬಂದಾಗಲೇ ಹೊಳೆಯಬೇಕಿತ್ತು.

ವಿಷಯ ಇಷ್ಟು. ಯುಇಎ-1 ರಕ್ತನಾಳದ ಆಂಟಿಬಾಡಿ ಅಲ್ಲ. ಅದು ಓದುವುದು ಒಂದು ಸಕ್ಕರೆಯನ್ನು, ಗ್ಯಾಲಕ್ಟೋಸ್ ಮೇಲೆ ಆಲ್ಫಾ-1,2 ಕೊಂಡಿಯಲ್ಲಿ ಕೂತ ಫ್ಯೂಕೋಸ್. ಲೆಕ್ಟಿನ್ ಅನ್ನುವ ಹೆಸರನ್ನು 1954ರಲ್ಲಿ ಬಾಯ್ಡ್ ಅನ್ನುವ ವಿಜ್ಞಾನಿ ಕೊಟ್ಟದ್ದೇ ಆರಿಸುವುದು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಮನುಷ್ಯರ ಒಳಪದರದಲ್ಲಿ ಆ ಸಕ್ಕರೆ ಇದೆ, ಆರಿಸುತ್ತದೆ. ಇಲಿಯ ಒಳಪದರದಲ್ಲಿ ಅದು ಕಾಣುವಷ್ಟು ಇಲ್ಲ, ಬಿಡುತ್ತದೆ. ಇಲಿಯ ಗಾಬ್ಲೆಟ್, ಪನೆತ್ ಕೋಶಗಳಲ್ಲಿ ಇದೆ, ಅಲ್ಲಿ ಹೊಳೆಯಿತು. ಇಲಿಯ ಪೇಯರ್ಸ್ ಪ್ಯಾಚಿನ (ಕರುಳಿನ ರೋಗನಿರೋಧಕ ತೇಪೆ) ಎಂ ಕೋಶ ಹುಡುಕಲು ಇದೇ ಲೆಕ್ಟಿನ್ ಬಳಸುತ್ತಾರೆ. ನೀವು ಕಸ ಅಂದದ್ದೇ ನಿಮ್ಮ ಪಾಸಿಟಿವ್ ಕಂಟ್ರೋಲ್, ಲೆಕ್ಟಿನ್ ಕೆಲಸ ಮಾಡುತ್ತಿದೆ ಅನ್ನುವ ಪುರಾವೆ.

ಮನುಷ್ಯರ ಒಳಪದರದ ಕೋಶಗಳನ್ನು ಇಲಿಯೊಳಗೆ ಕಸಿ ಮಾಡುವವರು ಈ ವ್ಯತ್ಯಾಸವನ್ನೇ ನಂಬಿ ಬದುಕಿದ್ದಾರೆ. ಯುಇಎ-1 ಅನ್ನು ರಕ್ತಕ್ಕೆ ಚುಚ್ಚಿದರೆ ಮನುಷ್ಯರ ಕೋಶದಿಂದಾದ ನಾಳ ಮಾತ್ರ ಹೊಳೆಯುತ್ತದೆ, ಇಲಿಯದ್ದು ಕಪ್ಪು. ಥೇಟ್ ನಿಮ್ಮ ಚಿತ್ರದ ಹಾಗೆ.

ಗಂಟುಪರೀಕ್ಷೆ:
ಇಲಿಗೆ ಗ್ರಿಫೋನಿಯ ಬೀಜದ ಐಸೋಲೆಕ್ಟಿನ್ ಬಿ4 ತಗೊಳ್ಳಿ. ಅದು ಹಿಡಿಯುವುದು ಆಲ್ಫಾ-ಗ್ಯಾಲಕ್ಟೋಸ್. ಇಲಿಯ ಒಳಪದರದಲ್ಲಿ ಧಾರಾಳ. ನಮ್ಮಲ್ಲಿ ಅದನ್ನು ಕಟ್ಟುವ ಕಿಣ್ವದ ಜೀನ್ ಕೆಟ್ಟು ಕೂತಿದೆ, ಚಿಂಪಾಂಜಿಯಂಥ ಬಾಲವಿಲ್ಲದ ವಾನರಗಳಲ್ಲೂ ಹಾಗೇ. ನಾಳೆ ಅದನ್ನು ಚರ್ಮದ ಸೆಕ್ಷನ್ನಿಗೆ ಹಾಕಿ ಮತ್ತೆ ಇಲ್ಲಿ ಬಂದು ಅಳಬೇಡಿ.

ಟೊಮೇಟೊ ಲೆಕ್ಟಿನ್ ಕೂಡ ನಡೆಯುತ್ತದೆ. ಎರಡೂ ಮ್ಯಾಕ್ರೋಫೇಜ್‌ಗಳನ್ನೂ (ಕಸ ನುಂಗುವ ರಕ್ಷಣಾ ಕೋಶ) ಹಿಡಿಯುತ್ತವೆ, ಕರುಳಿನಲ್ಲಿ ಅವಕ್ಕೆ ಬರವಿಲ್ಲ. ಖಚಿತ ಬೇಕೆಂದರೆ ಒಳಪದರ ಗುರುತಿಸುವ ಸಿಡಿ31 ಆಂಟಿಬಾಡಿ ಜತೆಗಿರಲಿ. ಕುದಿಸಲು ಇಡಿಟಿಎ ಬಫರೇ ಇರಲಿ, ಅದಕ್ಕೆ ಒಳ್ಳೆಯದು.

ಬಫರ್‌ಭಟ್ಟ:
ಬಿ4ಗೂ ಕ್ಯಾಲ್ಸಿಯಂ ಬೇಕು. ಸುಮ್ನೆ ಹೇಳಿದೆ.

ಸ್ಲೈಡ್‌ಸುಬ್ಬಿ:
ಈ ಸಲ ಭಟ್ಟರದ್ದು ಸರಿ. ಪಿಬಿಎಸ್‌ಗೆ ಮಾತ್ರ ಹಾಕಬೇಡಿ.

ಸೀಸೆ ಎಸೆಯುವ ಮುಂಚೆ ಒಂದು ಕೆಲಸ ಮಾಡಿ. ಲೆಕ್ಟಿನ್ನನ್ನು 100 ಮಿಲಿಮೋಲಾರ್ ಎಲ್-ಫ್ಯೂಕೋಸ್ ಜತೆ ಅರ್ಧ ಗಂಟೆ ಇಟ್ಟು, ಆಮೇಲೆ ಸ್ಲೈಡಿಗೆ ಹಾಕಿ. ಚುಕ್ಕೆ ಆರಿದರೆ ಅದು ನಿಜವಾದ ಹಿಡಿತ. ಡಿ-ಫ್ಯೂಕೋಸ್ ತಂದುಬಿಡಬೇಡಿ, ಹೆಸರು ನೋಡಿ ತನ್ನಿ.

ಕಳೆಗಿಡ:
ಬೀಜ ಯಾರಿಗಾದರೂ ಬೇಕಾ?

ಗಂಟುಪರೀಕ್ಷೆ:
ಮಣ್ಣಿಗೆ ಬಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಹುಟ್ಟುವ ಕಳೆಯ ಬೀಜವನ್ನು ಹಂಚಬೇಡಿ ಮಾರಾಯ್ರೇ.

ನಿದ್ದೆಗೆಟ್ಟವ:
ಹನ್ನೊಂದು ದಿನದ ನಂತರ ವರದಿ. ಎಲ್-ಫ್ಯೂಕೋಸ್ ಹಾಕಿದ ಸ್ಲೈಡಿನಲ್ಲಿ ಚುಕ್ಕೆಗಳೆಲ್ಲ ಆರಿದವು. ಹಾಕದ್ದರಲ್ಲಿ ಹೊಳೆಯುತ್ತಿವೆ. ಅದೇ ಬಟ್ಟಲು ಆಕಾರ. ಲೆಕ್ಟಿನ್ ಬದುಕಿದೆ. ಬಿ4 ಇನ್ನೂ ಬರಬೇಕು. ಸುಬ್ಬಿ ಮೇಡಂಗೆ ದೊಡ್ಡ ನಮಸ್ಕಾರ. ಭಟ್ಟರಿಗೆ ಸಣ್ಣದು.

ಇನ್ನೊಂದು ವಿಚಿತ್ರ. ಮೂರು ಇಲಿಗಳಲ್ಲಿ ಎರಡರ ವಿಲ್ಲೈ ಮೇಲೆ ಗಾಬ್ಲೆಟ್ ಅಲ್ಲದ ಸಾಮಾನ್ಯ ಕೋಶಗಳ ಅಂಚೂ ಹಸಿರು. ಮೂರನೆಯದರಲ್ಲಿ ಆ ಅಂಚು ಹೆಚ್ಚುಕಡಿಮೆ ಇಲ್ಲ. ಒಂದೇ ದಿನ, ಒಂದೇ ಟ್ರೇಯಲ್ಲಿ ಬಣ್ಣ ಹಾಕಿದ್ದು. ಈಗ ಇದೇನು?

ಸ್ಲೈಡ್‌ಸುಬ್ಬಿ:
ಇದು ಮಜಾ ಇದೆ. ಇಲಿಯ ಸಣ್ಣ ಕರುಳಿನ ಆ ಅಂಚಿನ ಫ್ಯೂಕೋಸ್ ಅಲ್ಲಿರುವ ಬ್ಯಾಕ್ಟೀರಿಯಾವನ್ನು ಅವಲಂಬಿಸಿದೆ. 1996ರಲ್ಲಿ ತೋರಿಸಿದ್ದು. ಸೂಕ್ಷ್ಮಜೀವಿಗಳೇ ಇಲ್ಲದ ಹಾಗೆ ಸಾಕಿದ ಇಲಿಯಲ್ಲಿ ಹಾಲು ಬಿಡುವ ವಯಸ್ಸಿನ ಹೊತ್ತಿಗೆ ಈ ಫ್ಯೂಕೋಸ್ ಮಾಯವಾಗುತ್ತದೆ. ಬ್ಯಾಕ್ಟೀರಾಯ್ಡಿಸ್ ಅನ್ನುವ ಒಂದು ಬ್ಯಾಕ್ಟೀರಿಯಾವನ್ನು ಕರುಳಿಗೆ ಸೇರಿಸಿದರೆ ಮತ್ತೆ ಬರುತ್ತದೆ. ಆ ಬ್ಯಾಕ್ಟೀರಿಯಾ ಫ್ಯೂಕೋಸ್ ತಿನ್ನುತ್ತದೆ, ಅತಿಥಿಯೇ ಅಡುಗೆ ಮಾಡಿಸಿಕೊಂಡ ಹಾಗೆ.

ಮೂರನೇ ಇಲಿಗೆ ಆಂಟಿಬಯಾಟಿಕ್ ಕೊಟ್ಟಿದ್ರಾ? ಮೂರೂ ಒಂದೇ ಪಂಜರದ್ದಾ? ವಯಸ್ಸು ಎಷ್ಟು? ಕರುಳಿನ ಯಾವ ಭಾಗ ಕತ್ತರಿಸಿದ್ದು, ಮೇಲಿನದ್ದಾ ಕೊನೆಯದ್ದಾ? ಕೊನೆಯ ಭಾಗದಲ್ಲಿ ಈ ಹೊಳಪು ಜಾಸ್ತಿ.

ನಿದ್ದೆಗೆಟ್ಟವ:
ಕರುಳು ಕೂರಿಸಿದ ಪ್ಯಾರಾಫಿನ್ ಅಚ್ಚಿನ ಮೇಲೆ ಬರೀ ನಂಬರ್ ಇದೆ. ಕತ್ತರಿಸಿದವರನ್ನು ಕೇಳಿ ಹೇಳುತ್ತೇನೆ.

ಸ್ಲೈಡ್‌ಸುಬ್ಬಿ:
ಕೇಳಿದ್ರಾ?