ವೊರೊನೆಟ್ಸ್ ಮಠದ ಹೊರಗೋಡೆ ಚಿತ್ರಗಳು ಹಳೇವೇನಾ?

ಹಾದಿಹೋಕ:
ರೊಮೇನಿಯಾದ ವೊರೊನೆಟ್ಸ್ ಮಠದ ಫೋಟೋ ನೋಡ್ದೆ, ಕಾರ್ಪಾಥಿಯನ್ ಬೆಟ್ಟದ ತಪ್ಪಲಲ್ಲಿ ಪುಟ್ಟ ಆರ್ಥೊಡಾಕ್ಸ್ ಚರ್ಚು, ಹೊರಗೋಡೆ ತುಂಬಾ ನೀಲಿ ಬಣ್ಣದ ಮೇಲೆ ಚಿತ್ರ. ಹಿಮ ಬೀಳೋ ಜಾಗದಲ್ಲಿ ಇಷ್ಟು ವರ್ಷ ಬಣ್ಣ ಉಳಿಯುತ್ತಾ, ಇಲ್ಲ ಈಗ ಬಳಿದಿರೋದಾ? ಮುಂದಿನ ತಿಂಗಳು ಆ ಕಡೆಯ ಸುಚಾವಾ ಊರಿಗೆ ಹೋಗ್ತಿದೀನಿ, ಸಿಗೋದು ಒಂದೇ ದಿನ.

ಗಾರೆಗುಂಡ:
ಹಳೇವೇ ಗುರು. ಚರ್ಚು ಕಟ್ಟಿಸಿದ್ದು ಆಗಿನ ಮೊಲ್ಡಾವಿಯಾ ರಾಜ್ಯದ ದೊರೆ ಮಹಾ ಸ್ಟೀಫನ್, 1488ರಲ್ಲಿ, ನಾಲ್ಕು ತಿಂಗಳೂ ಹಿಡೀಲಿಲ್ಲ. ಹೊರಗಿನ ಚಿತ್ರ ಬಂದಿದ್ದು 1547ರಲ್ಲಿ, ಅಷ್ಟೊತ್ತಿಗೆ ದೊರೆ ತೀರ್ಕೊಂಡು 43 ವರ್ಷ ಆಗಿತ್ತು, ಪಾಪ ನೋಡಲೇ ಇಲ್ಲ. ಇವು ಫ್ರೆಸ್ಕೋ, ಅಂದ್ರೆ ಹಸಿ ಸುಣ್ಣದ ಗಾರೆ ಮೇಲೇ ಬಣ್ಣ ಹಚ್ಚೋದು, ಗಾರೆ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಕಲ್ಲಿನಂಗೆ ಗಟ್ಟಿಯಾಗ್ತಾ ಬಣ್ಣದ ಪುಡೀನೂ ಒಳಗೇ ಹಿಡ್ಕೊಂಡುಬಿಡುತ್ತೆ. ಜೊತೆಗೆ ಸೂರು ಅಗಲವಾಗಿ ಮುಂದಕ್ಕೆ ಚಾಚಿದೆ. ಅಷ್ಟಾದ್ರೂ ಉತ್ತರದ ಗೋಡೆ ಗಾಳಿಮಳೆಗೆ ಸಿಕ್ಕಿ ಬಹಳ ಅಳಿಸಿಹೋಗಿದೆ, ಅದರ ಫೋಟೋ ಮಾತ್ರ ಯಾರೂ ಹಾಕಲ್ಲ!

ಚೀಲಹೆಗಲು:
ನಾನು ಹೋಗಿದ್ದೆ. ನೇರ ಪಶ್ಚಿಮದ ಗೋಡೆ ಮುಂದೆ ನಿಂತ್ಕೊಳ್ಳಿ, ಪೂರ್ತಿ ಗೋಡೆಗೆ ಒಂದೇ ಚಿತ್ರ, ಕಡೇ ತೀರ್ಪಿನ ದಿನದ್ದು, ಅಂದ್ರೆ ಸತ್ತೋರೆಲ್ಲ ಎದ್ದು ದೇವರ ಮುಂದೆ ನಿಲ್ಲೋ ದಿನ. ಮೇಲ್ಗಡೆ ರಾಶಿಚಕ್ರ, ನಡುವೆ ಕೆಂಪಗೆ ಬೆಂಕಿಹೊಳೆ, ಕಾಡುಪ್ರಾಣಿಗಳು ತಾವು ತಿಂದಿದ್ದ ಮನುಷ್ಯರ ಕೈಕಾಲು ಬಾಯಲ್ಲಿ ಕಚ್ಕೊಂಡು ವಾಪಸ್ ಕೊಡೋಕೆ ಬರ್ತಿವೆ. ನರಕಕ್ಕೆ ಹೋಗೋರ ಸಾಲಲ್ಲಿ ಪೇಟ ಸುತ್ತಿರೋ ತುರ್ಕರೂ ಇದ್ದಾರೆ, ಆಟೊಮನ್ ತುರ್ಕರ ಜೊತೆ ಅದಕ್ಕೂ ಮುಂಚೆ ಎಷ್ಟೋ ಯುದ್ಧ ಆಗಿತ್ತಲ್ಲ, ಸಿಟ್ಟೆಲ್ಲ ಗೋಡೆ ಮೇಲೆ ತೀರಿಸ್ಕೊಂಡಿದ್ದಾರೆ. ಸನ್ಯಾಸಿನಿಯರು ಇರೋ ಮಠ, ಭುಜ ಮೊಣಕಾಲು ಮುಚ್ಚೋ ಬಟ್ಟೆ ಹಾಕ್ಕೊಂಡು ಹೋಗಿ.

ಗೋಡೆಬೆಕ್ಕು:
ಬರೀ ವೊರೊನೆಟ್ಸ್‌ಗೆ ಇಡೀ ದಿನ ಬೇಡ. ಗೂರಾ ಹುಮೋರುಲುಯಿ ಊರಿಂದ ನಾಲ್ಕೈದು ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ಮುಗಿಸಿ ಕಾರು ಮಾಡ್ಕೊಂಡು ಸುಚೆವಿತ್ಸಾಗೆ ಹೋಗಿ, ಅದೂ ಹೊರಗೋಡೆಗೆ ಚಿತ್ರ ಇರೋ ಇನ್ನೊಂದು ಮಠ. ಅದು ಎತ್ತರದ ಕೋಟೆಗೋಡೆ ಒಳಗಿದೆ, ಅಲ್ಲಿ ಉತ್ತರದ ಗೋಡೆ ಚೆನ್ನಾಗೇ ಉಳಿದಿದೆ, ಸ್ವರ್ಗಕ್ಕೆ ಏಣಿ ಹತ್ತೋ ಸನ್ಯಾಸಿಗಳು, ಕಾಲು ಜಾರಿದೋರನ್ನ ಕೆಳಗಿಂದ ಎಳೀತಿರೋ ದೆವ್ವಗಳು. ನನ್ನ ಕೇಳಿದ್ರೆ ವೊರೊನೆಟ್ಸ್‌ಗಿಂತ ಇದೇ ಒಂದು ಕೈ ಮೇಲು.

ಚೀಲಹೆಗಲು:
ಇಲ್ಲ ಬಿಡಿ, ಆ ನೀಲಿ ಸುಚೆವಿತ್ಸಾದಲ್ಲಿ ಎಲ್ಲಿದೆ, ಅಲ್ಲಿ ಎಲ್ಲಾ ಹಸಿರು.

ಹಾದಿಹೋಕ:
ಎಲ್ರಿಗೂ ಥ್ಯಾಂಕ್ಸ್, ಎರಡೂ ನೋಡ್ತೀನಿ. ಉತ್ತರದ ಗೋಡೆ ಫೋಟೋ ಗ್ಯಾರಂಟಿ ಹಾಕ್ತೀನಿ.