ಅಪ್‌ಡೇಟ್: ಅಮ್ಮನ ಥಲಾಮಸ್ ಸ್ಟ್ರೋಕ್ ಮತ್ತು ಮಾತು

ಅಮ್ಮನಿಗೆ ಎಡಗಡೆ ಥಲಾಮಸ್‌ನಲ್ಲಿ (ಮೆದುಳಿನ ಒಳಗೆ ಆಳದಲ್ಲಿರುವ ಒಂದು ಭಾಗ) ರಕ್ತಸ್ರಾವ ಆಗಿದೆ, ಸ್ಕ್ಯಾನ್‌ನಲ್ಲಿ ಮೆದುಳಿನ ಹೊರಪದರ ಸರಿಯಾಗೇ ಇದೆ, ಆದರೂ ಮಾತು ಯಾಕೆ ತಪ್ಪುತ್ತಿದೆ ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಈಗ ಅಮ್ಮ ಎಷ್ಟೋ ವಾಸಿ. ಮೊದಲು ಲೋಟಕ್ಕೆ ಚಮಚ ಅನ್ನುತ್ತಿದ್ದರು, ದನಿಯೂ ಮೆತ್ತಗಾಗಿತ್ತು. ಆದರೆ ನಾವು ಹೇಳಿದ ಉದ್ದದ ವಾಕ್ಯವನ್ನು ಹಾಗೇ ತಿರುಗಿ ಹೇಳುತ್ತಿದ್ದರು! ಥಲಾಮಸ್‌ಗೆ ಪೆಟ್ಟಾದಾಗ ಹೀಗಾಗುವುದು ಹೊಸದಲ್ಲವಂತೆ. ಸ್ಪೀಚ್ ಥೆರಪಿಸ್ಟ್ ಬಿಡಿಸಿ ಹೇಳಿದರು: ಪದಗಳು ಅಳಿಸಿಹೋಗಿಲ್ಲ, ಆದರೆ ಬೇಕಾದ ಹೊತ್ತಿಗೆ ಸರಿಯಾದ ಪದ ಹುಡುಕಲು ಹೊರಪದರಕ್ಕೆ ಥಲಾಮಸ್‌ನ ನೆರವು ಬೇಕು. ಅದಕ್ಕೇ ಒಂದು ಹೊತ್ತು ಚೆನ್ನಾಗಿ ಮಾತಾಡಿ ಇನ್ನೊಂದು ಹೊತ್ತು ತಡವರಿಸುವುದು. ಸುಮಾರು ಜನರಲ್ಲಿ ಇದು ಚೆನ್ನಾಗಿ ಸುಧಾರಿಸುತ್ತದೆ ಅಂದಾಗ ನಮಗೆ ಜೀವ ಬಂತು.

ಆಮೇಲೆ ನಾನೂ ಓದುತ್ತಾ ಹೋದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಬ್ರೋಕಾ ನೋಡಿದ, 'ಟಾನ್' ಅಂತ ಮಾತ್ರ ಹೇಳುತ್ತಿದ್ದ ರೋಗಿಯ ಕಥೆ ಗೊತ್ತಲ್ವಾ? ಬ್ರೋಕಾ ಆ ಮೆದುಳನ್ನು ಕತ್ತರಿಸದೆ ಉಳಿಸಿದ್ದರು. 2007ರಲ್ಲಿ ಅದರ ಎಂಆರ್‌ಐ ಫಲಿತಾಂಶ ಪ್ರಕಟವಾಯಿತು. ಹಾನಿ ಹೊರಗೆ ಕಂಡದ್ದಕ್ಕಿಂತ ಜಾಸ್ತಿ ಆಳಕ್ಕೆ, ಬೇಸಲ್ ಗ್ಯಾಂಗ್ಲಿಯಾ ಅನ್ನುವ ಮೆದುಳಿನ ಒಳಭಾಗದವರೆಗೂ ಹೋಗಿತ್ತು. ಮಾತಿಗೆ ಹೊರಪದರದಲ್ಲಿ ಒಂದು ಜಾಗ ಇದೆ ಅಂತ ತೋರಿಸಿಕೊಟ್ಟ ಮೆದುಳಿನಲ್ಲೇ ಹೀಗೆ! ನನಗಂತೂ ಇದು ದೊಡ್ಡ ವಿಷಯ ಅನ್ನಿಸಿತು.

ಮನೆಯಲ್ಲಿ ಇಂಥವರಿದ್ದರೆ ದಯವಿಟ್ಟು ಅವಸರ ಮಾಡಬೇಡಿ. ಸುಸ್ತಾದಾಗ ಅಭ್ಯಾಸ ನಿಲ್ಲಿಸಿ. ಅಮ್ಮನಿಗೆ ನೆಂಟರ ಹೆಸರು ಇನ್ನೂ ತಕ್ಷಣ ಬರುವುದಿಲ್ಲ, ಥೆರಪಿ ನಡೀತಾ ಇದೆ.